ಪ್ರಸಂಗ ಚೆನ್ನಾಗಿದೆ, ಪಾಸ್ಟರ್ ಚೆನ್ನಾಗಿದ್ದಾರಾ?

ಪ್ರಶ್ನೆ: ಸಿಂಧನೂರು ಕಡೆಯ ಒಂದು ಕ್ರೈಸ್ತ ಸಭೆಯ ಕಮಿಟಿಯಲ್ಲಿದ್ದೇನೆ. ನಮ್ಮ ಪಾಸ್ಟರ್ ಭಾನುವಾರ ಪ್ರಸಂಗ ಚೆನ್ನಾಗಿಯೇ ಮಾಡುತ್ತಾರೆ. ಆದರೆ ಮನೆ ಭೇಟಿಗೆ ಬರುವುದು ಬಿಟ್ಟಿದ್ದಾರೆ, ಸಣ್ಣದಕ್ಕೂ ಸಿಡುಕುತ್ತಾರೆ, ನಿದ್ದೆಯೇ ಇಲ್ಲ ಅಂತ ಪಾಸ್ಟರಮ್ಮನವರು ಹೇಳಿದರು. ಮಾನಸಿಕ ಪರೀಕ್ಷೆ ಮಾಡಿಸಿ ವರದಿ ತರಿಸಿಕೊಳ್ಳೋಣ ಅನ್ನುತ್ತಾರೆ ಕೆಲವರು. ಸರಿಯೇ?

ಉತ್ತರ: ಅವರು ಒಪ್ಪಿದರೆ ಪರೀಕ್ಷೆ ಆಗಲಿ, ವರದಿ ಮಾತ್ರ ನಿಮ್ಮ ಕೈಗೆ ಬರಬಾರದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯ ಹಕ್ಕು ಕೊಟ್ಟಿದೆ. ಅದಿರಲಿ, ತನ್ನ ಉತ್ತರ ಕಮಿಟಿ ಮುಂದೆ ಓದುತ್ತಾರೆ, ಆಮೇಲೆ ವರ್ಗಾವಣೆಯ ಮಾತು ಬರುತ್ತದೆ ಅಂತ ಗೊತ್ತಿದ್ದವರು ನಿಜ ಬರೆಯುತ್ತಾರಾ?

ಪ್ರಸಂಗ ಚೆನ್ನಾಗಿದೆ ಅಂತ ಸಮಾಧಾನ ಪಡಬೇಡಿ. ಪಾದ್ರಿಗಳಿಗಾಗಿಯೇ ಬ್ರಿಟನ್ನಿನ ಲೆಸ್ಲಿ ಫ್ರಾನ್ಸಿಸ್ ರೂಪಿಸಿದ ಪ್ರಶ್ನಾವಳಿಯಲ್ಲಿ 11 ಹೇಳಿಕೆಗಳು ದಣಿವಿನ ಬಗ್ಗೆ, ಇನ್ನು 11 ಸೇವೆಯಲ್ಲಿ ಸಿಗುವ ತೃಪ್ತಿಯ ಬಗ್ಗೆ ಇವೆ, ಎರಡಕ್ಕೂ ಬೇರೆ ಬೇರೆ ಅಂಕ. ಯಾಕೆಂದರೆ ಸೇವೆಯನ್ನು ತುಂಬಾ ಪ್ರೀತಿಸುವವರೂ ಒಳಗೆ ಪೂರ್ತಿ ದಣಿದಿರಬಹುದು. ಹಾಗೆ ದಣಿದವರು ಎಷ್ಟೋ ಸಲ ಜನರಿಂದ ದೂರ ಸರಿಯುತ್ತಾರೆ. ಪ್ರಸಂಗ ಅಭ್ಯಾಸಬಲದಿಂದ ನಡೆದುಹೋಗುತ್ತದೆ, ಆದರೆ ಗಂಡ ಹೆಂಡತಿ ಜಗಳ, ಆಸ್ಪತ್ರೆಯಲ್ಲಿ ಮಲಗಿದವರು, ಮಣ್ಣು ಮಾಡಿ ಬಂದ ಮನೆ, ಇಲ್ಲೆಲ್ಲ ಕೂತು ಕೇಳುವ ಮನಸ್ಸು ಬೇಕು. ನೀವು ಹೇಳಿದ ಮನೆ ಭೇಟಿ ನಿಂತದ್ದು ನನಗೆ ಸೋಮಾರಿತನದಂತೆ ಕಾಣುವುದಿಲ್ಲ.

ಆದರೆ ನಿದ್ದೆ ಹೋಗಿದೆ ಅಂದಿರಲ್ಲ, ಅದು ಖಿನ್ನತೆಯೂ ಇರಬಹುದು. ಖಿನ್ನತೆ ಗುರುತಿಸಲು ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳಿವೆ, ಹಿಂದಿನ ಎರಡು ವಾರ ಹೇಗಿತ್ತು ಅಂತ ಕೇಳುತ್ತವೆ. ಒಟ್ಟು 27ರಲ್ಲಿ ಅಂಕ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರು ಸರಿಯಾಗಿ ನೋಡಲೇಬೇಕು, ಬರೀ ಅಂಕದಿಂದ ಕಾಯಿಲೆ ತೀರ್ಮಾನ ಆಗುವುದಿಲ್ಲ. ಕೊನೆಯ ಪ್ರಶ್ನೆ ಸಾಯುವ ಯೋಚನೆಯದು, ಅದಕ್ಕೆ ಹೌದು ಅಂದರೆ ಅಂಕ ಎಷ್ಟೇ ಇರಲಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಪ್ರಾರ್ಥನೆ ಮಾಡುವವರಿಗೆ ಯಾಕೆ ಮನೋವೈದ್ಯರು ಅಂತ ಯಾರಾದರೂ ಅಂದರೆ ದಯವಿಟ್ಟು ಸುಮ್ಮನಿರಬೇಡಿ, ಆ ಒಂದು ಮಾತಿಗೆ ಹೆದರಿಯೇ ಎಷ್ಟೋ ಜನ ಒಳಗೊಳಗೇ ನರಳುತ್ತಾರೆ. ಜಿಲ್ಲೆಯಲ್ಲೇ ಚಿಕಿತ್ಸೆ ಸಿಗಲಿ ಅಂತ ಮಾಡಿದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗ. ನಿಮ್ಮ ಜಿಲ್ಲೆಯಲ್ಲೇ ರಾಯಚೂರಿನ ರಿಮ್ಸ್ ಸರಕಾರಿ ಆಸ್ಪತ್ರೆ ಇದೆ. ಅಲ್ಲಿ ಪರಿಚಯದವರು ಸಿಗುತ್ತಾರೆ ಅನ್ನುವ ಸಂಕೋಚವಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಪಾಸ್ಟರೇ ಫೋನ್ ಮಾಡಲಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಮಿಟಿಯ ಕೆಲಸ ಬೇರೆ ಇದೆ. ವಾರಕ್ಕೊಂದು ದಿನ ಪೂರ್ತಿ ರಜೆ ಕೊಡಿ, ಅವತ್ತು ಬರುವ ಫೋನ್‌ಗಳನ್ನು ಹಿರಿಯರೊಬ್ಬರು ನೋಡಿಕೊಳ್ಳಲಿ. ಸಂಬಳ ತಡವಾಗುತ್ತಿದ್ದರೆ ಮೊದಲು ಅದನ್ನು ಸರಿಮಾಡಿ.