ಸಿಗ್ನಲ್ ಕಾಣುತ್ತೆ, ಪ್ಯಾಕೆಟ್ ಬರಲ್ಲ

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದವನು, ಎಂಜಿನಿಯರಿಂಗ್ ಕೊನೇ ವರ್ಷ. ಕಂಪ್ಯೂಟರ್‌ನಿಂದ ನಡೆಸುವ ರೇಡಿಯೋ ಹ್ಯಾಕ್‌ಆರ್‌ಎಫ್ ಒನ್‌ನಿಂದ 866 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಸ್‌ಕೆ (0ಗೆ ಒಂದು, 1ಕ್ಕೆ ಇನ್ನೊಂದು ಫ್ರೀಕ್ವೆನ್ಸಿ) ಡೇಟಾ ಕಳಿಸುತ್ತಿದ್ದೇನೆ. ವೇಗ 9600 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), ಡೀವಿಯೇಷನ್ (ನಡು ಫ್ರೀಕ್ವೆನ್ಸಿಯಿಂದ ಆಚೀಚೆ ಸರಿಯುವ ದೂರ) 5 ಕಿಲೋಹರ್ಟ್ಸ್. ಅದೇ ಮೇಜಿನ ಮೇಲಿರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್‌ನ (ಯುಎಸ್‌ಬಿ ರಿಸೀವರ್) ವಾಟರ್‌ಫಾಲ್‌ನಲ್ಲಿ, ಅಂದರೆ ಯಾವ ಫ್ರೀಕ್ವೆನ್ಸಿಯಲ್ಲಿ ಏನಿದೆ ಎಂದು ತೋರಿಸುವ ಚಿತ್ರದಲ್ಲಿ, ಸಿಗ್ನಲ್ ಜೋರಾಗಿ ಕಾಣುತ್ತದೆ. ಆದರೆ ಗ್ನೂ ರೇಡಿಯೋ ಸಾಫ್ಟ್‌ವೇರ್‌ನಲ್ಲಿ ಒಂದು ಪ್ಯಾಕೆಟ್ಟೂ ಸಿಗುತ್ತಿಲ್ಲ. ಹ್ಯಾಕ್‌ಆರ್‌ಎಫ್ ಕೆಟ್ಟಿದೆಯಾ ಸರ್?

ಉತ್ತರ: ಕೆಟ್ಟಿರಲಿಕ್ಕಿಲ್ಲ. ನನ್ನ ಗುಮಾನಿ ಅದರ ಫ್ರೀಕ್ವೆನ್ಸಿ ನಿರ್ಧರಿಸುವ ಕ್ರಿಸ್ಟಲ್ ಮೇಲೆ. ಅದು 20 ಪಿಪಿಎಂವರೆಗೆ (ಹತ್ತು ಲಕ್ಷಕ್ಕೆ 20 ಪಾಲು) ಆಚೀಚೆ ಇರಬಹುದು. 866 ಮೆಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಿ: ಸುಮಾರು 17 ಕಿಲೋಹರ್ಟ್ಸ್! ನಿಮ್ಮ ಡೀವಿಯೇಷನ್ ಬರೀ 5. ವಾಟರ್‌ಫಾಲ್‌ನಲ್ಲಿ ಇಷ್ಟು ಚಿಕ್ಕ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಗ್ನೂ ರೇಡಿಯೋದಲ್ಲಿ ಫ್ರೀಕ್ವೆನ್ಸಿಯನ್ನು ಅಲೆಯಾಗಿ ಬದಲಿಸುವ ಕ್ವಾಡ್ರೇಚರ್ ಡಿಮಾಡ್ ಆದ ಮೇಲೆ, ಅಲೆಯನ್ನು ಪರದೆಗೆ ತರುವ ಒಂದು ಟೈಮ್ ಸಿಂಕ್ ಹಾಕಿ ನೋಡಿ. ಅಲೆ ಸೊನ್ನೆ ಗೆರೆಯ ಮೇಲೂ ಕೆಳಗೂ ಆಡಬೇಕು. ಪೂರ್ತಿ ಮೇಲೆಯೇ ಕೂತಿದ್ದರೆ, ಅಲೆ ನೋಡಿ 0 ಅಥವಾ 1 ಎನ್ನುವ ಸ್ಲೈಸರ್‌ಗೆ ಎಲ್ಲ ಬಿಟ್ಟೂ 1. ಪೂರ್ತಿ ಕೆಳಗಿದ್ದರೆ ಎಲ್ಲವೂ 0. ಹೀಗಾದರೆ ಪ್ಯಾಕೆಟ್‌ನ ಆರಂಭ ಗುರುತಿಸುವ ಸಿಂಕ್ ವರ್ಡ್ ಎಲ್ಲಿಂದ ಸಿಗಬೇಕು? ಅಲೆ ಎಷ್ಟು ಸರಿದಿದೆ ನೋಡಿಕೊಂಡು, ಡಿಮಾಡ್‌ಗೆ ಮುಂಚಿನ ಫಿಲ್ಟರ್‌ನಲ್ಲೇ ಫ್ರೀಕ್ವೆನ್ಸಿ ಅಷ್ಟು ತಿದ್ದಿ.

ತಪ್ಪು ಡಾಂಗಲ್‌ನದ್ದೇ ಇರಬಹುದಾ ಅಂತ ಅನುಮಾನ ಇದ್ದರೆ, ಕಾರವಾರದಲ್ಲಿ ಇರುವವರಿಗೆ ಒಂದು ಅನುಕೂಲ ಇದೆ. ಬಂದರಿಗೆ ಬರುವ ಹಡಗುಗಳು ತಾವಿರುವ ಜಾಗ ತಿಳಿಸುವ ಎಐಎಸ್ ಸಿಗ್ನಲ್ 161.975 ಮತ್ತು 162.025 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ, ಅದೂ 9600ರ ವೇಗದಲ್ಲೇ. ಅದು ಡಿಕೋಡ್ ಆದರೆ ಡಾಂಗಲ್ ಕೆಟ್ಟಿಲ್ಲ ಅಂತ, ಹುಡುಕಾಟ ಮೊದಲು ಕಳಿಸುವ ಕಡೆಗೆ ತಿರುಗಲಿ.

ಇನ್ನೆರಡು ಮಾತು. ಪ್ಯಾಕೆಟ್ ಮುಂದೆ ಕಳಿಸುವ ಪೀಠಿಕೆ ಬಿಟ್‌ಗಳು, ಅಂದರೆ ಪ್ರಿಯಾಂಬಲ್, ಉದ್ದ ಇರಲಿ. ರಿಸೀವರ್‌ಗೆ ಟೈಮಿಂಗ್ ಹಿಡಿಯಲು ಸ್ವಲ್ಪ ಹೊತ್ತು ಬೇಕು, ಅಷ್ಟರಲ್ಲಿ ಮೊದಲ ಬಿಟ್‌ಗಳು ಹೋಗಿಬಿಟ್ಟಿರುತ್ತವೆ. ಕೊನೆಗೆ ಒಂದಷ್ಟು ಸೊನ್ನೆ ಸೇರಿಸಿ, ಇಲ್ಲದಿದ್ದರೆ ಪ್ಯಾಕೆಟ್‌ನ ಬಾಲ ಬಫರ್‌ನಲ್ಲೇ ಉಳಿಯಬಹುದು. ಕನ್ಸೋಲ್‌ನಲ್ಲಿ ಸುಮ್ನೆ ‘ಓ’, ‘ಯು’ ಅಕ್ಷರ ಉದುರುತ್ತಿದ್ದರೆ ಕಂಪ್ಯೂಟರ್ ಸ್ಯಾಂಪಲ್‌ಗಳ ಜೊತೆ ಓಡಲಾಗುತ್ತಿಲ್ಲ ಅಂತ. ಸ್ಯಾಂಪಲ್ ರೇಟ್ ಇಳಿಸಿ, ಆದರೆ ಹ್ಯಾಕ್‌ಆರ್‌ಎಫ್‌ನಲ್ಲಿ ಸೆಕೆಂಡಿಗೆ 20 ಲಕ್ಷಕ್ಕಿಂತ ಕೆಳಗೆ ಬೇಡ.

ಅಂದಹಾಗೆ, ಒಂದೇ ಮೇಜಿನ ಮೇಲೆ ಜೋರಾಗಿ ಕಳಿಸಿದರೆ ಡಾಂಗಲ್ ಉಸಿರುಗಟ್ಟುತ್ತದೆ. ಇಲ್ಲದ ಜಾಗದಲ್ಲೂ ಸಿಗ್ನಲ್ ಕಾಣಿಸಲು ಶುರುವಾದರೆ ಅದೇ ಕಾರಣ. ಹ್ಯಾಕ್‌ಆರ್‌ಎಫ್‌ನ ಆಂಪ್ ಆಫ್ ಮಾಡಿ, ಎರಡೂ ಕಡೆ ಗೇನ್ ತಗ್ಗಿಸಿ. ನನ್ನನ್ನು ಕೇಳಿದರೆ ಆಂಟೆನಾನೇ ಬೇಡ: ಸಿಗ್ನಲ್ ತಗ್ಗಿಸುವ 30 ಡಿಬಿ ಅಟೆನ್ಯುಯೇಟರ್ ಎರಡು ಹಾಕಿ ಕೇಬಲ್‌ನಲ್ಲೇ ಜೋಡಿಸಿ. ನೌಕಾನೆಲೆ ಮಗ್ಗುಲಲ್ಲೇ ಇರುವ ಊರು, ಅಲ್ವಾ? 866 ಲೈಸೆನ್ಸ್ ಬೇಡದ ಪಟ್ಟಿಯಲ್ಲಿದ್ದರೂ ಅದಕ್ಕೂ ಪವರ್ ಮಿತಿ ಇದೆ, ಮತ್ತು ಹ್ಯಾಕ್‌ಆರ್‌ಎಫ್ ಹಾರ್ಮೋನಿಕ್ಸ್ (ಎರಡು, ಮೂರು ಪಟ್ಟು ಫ್ರೀಕ್ವೆನ್ಸಿಯ ಬೇಡದ ಸಿಗ್ನಲ್) ಕೂಡ ಉಗುಳುತ್ತದೆ.