ಭೇದಿ ನಿಂತರೂ ಹೊಟ್ಟೆನುಲಿತ ನಿಲ್ಲದೇಕೆ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಮದುವೆ ಊಟವಾದ ಮರುದಿನ ಜ್ವರ, ಭೇದಿ ಶುರುವಾಗಿ ಆಸ್ಪತ್ರೆ ಸೇರಿದ್ದೆ. ಅದು ವಾಸಿಯಾದರೂ ಅಂದಿನಿಂದ ಊಟ ಮಾಡಿದ ಕೂಡಲೇ ಹೊಟ್ಟೆ ನುಲಿದು ಶೌಚಾಲಯಕ್ಕೆ ಓಡಬೇಕಾಗುತ್ತದೆ. ಕೊಲೊನೋಸ್ಕೋಪಿ, ಮಲ, ರಕ್ತ ಪರೀಕ್ಷೆಗಳಲ್ಲಿ ಏನೂ ಸಿಕ್ಕಿಲ್ಲ. ವೈದ್ಯರು ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್, ಪರೀಕ್ಷೆಗಳಲ್ಲಿ ದೋಷ ಕಾಣದಿದ್ದರೂ ಹೊಟ್ಟೆನೋವು, ಭೇದಿ ಕಾಡುವ ಕರುಳಿನ ತೊಂದರೆ) ಎಂದರು. ಮನೆಯವರು ಎಲ್ಲ ಮನಸ್ಸಿನದು ಎನ್ನುತ್ತಾರೆ. ಇದಕ್ಕೆ ರೋಗನಿರೋಧಕ ಕೋಶಗಳು ಕಾರಣವೆಂದು ಓದಿದೆ. ಅವುಗಳನ್ನು ತಗ್ಗಿಸುವ ಔಷಧ ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತೊಂದರೆ ಬರಿಯ ಮನಸ್ಸಿನದಲ್ಲ. ಕರುಳಿನ ಸೋಂಕಿಗೆ ತುತ್ತಾದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದೆ. ಭೇದಿ ತೀವ್ರವಾಗಿದ್ದವರಲ್ಲಿ, ಮಹಿಳೆಯರಲ್ಲಿ ಇನ್ನೂ ಹೆಚ್ಚು. ಆತಂಕವೂ ಇದರ ಸಾಧ್ಯತೆಯನ್ನು ಹೆಚ್ಚಿಸುತ್ತದೆ ಎಂಬುದು ನಿಜ, ಆದರೆ ಅದೊಂದೇ ಕಾರಣವಲ್ಲ.

ಸೋಂಕನ್ನು ಎದುರಿಸಲು ಕರುಳಿನ ಒಳಪದರಕ್ಕೆ ಬಂದ ಕೋಶಗಳಲ್ಲಿ ಕೆಲವು, ರೋಗಾಣು ಹೋದ ಮೇಲೂ ಅಲ್ಲೇ ಉಳಿಯುತ್ತವೆ. ಇವುಗಳಲ್ಲಿ ಮುಖ್ಯವಾದವು ಮಾಸ್ಟ್ ಕೋಶಗಳು. ಅವು ನರತುದಿಗಳಿಗೆ ಹತ್ತಿರವಿದ್ದಷ್ಟೂ ಹೊಟ್ಟೆನೋವು ಹೆಚ್ಚೆಂದು ಇಟಲಿಯ ಬೊಲೊನ್ಯಾದ ವೈದ್ಯರು 2004ರಲ್ಲಿ ತೋರಿಸಿದರು. ಅವು ಸುರಿಸುವ ಹಿಸ್ಟಮಿನ್ ಎಂಬ ರಾಸಾಯನಿಕದಿಂದ ನರಗಳು ಸೂಕ್ಷ್ಮವಾಗಿ, ಕರುಳಿನ ಸಹಜ ಚಲನೆಯೂ ನೋವೆನಿಸುತ್ತದೆ. ಕೊಲೊನೋಸ್ಕೋಪಿಯ ಕ್ಯಾಮೆರಾಕ್ಕೆ ಇದು ಕಾಣುವಂಥದ್ದಲ್ಲ.

ಊಟದ ನಂಟನ್ನು ಬೆಲ್ಜಿಯಂನ ಲೂವೆನ್‌ನ ಸಂಶೋಧಕರು 2021ರಲ್ಲಿ ಬಿಡಿಸಿಟ್ಟರು. ಕರುಳಿನ ಸೋಂಕಿದ್ದ ಇಲಿಗಳಿಗೆ ಆಗ ಮೊಟ್ಟೆಯ ಒಂದು ಪ್ರೋಟೀನ್ ತಿನ್ನಿಸಿ, ಸೋಂಕು ವಾಸಿಯಾದ ಬಳಿಕ ಅದನ್ನೇ ಮತ್ತೆ ಕೊಟ್ಟಾಗ, ಕರುಳಿನಲ್ಲಷ್ಟೇ ಹುಟ್ಟಿಕೊಂಡಿದ್ದ, ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯಗಳು ಮಾಸ್ಟ್ ಕೋಶಗಳನ್ನು ಕೆರಳಿಸಿದವು. ಅನಂತರ 12 ಮಂದಿ ಐಬಿಎಸ್ ರೋಗಿಗಳ ಗುದನಾಳದ ಒಳಪದರಕ್ಕೆ ಗೋಧಿ, ಗ್ಲುಟೆನ್ (ಗೋಧಿಯಲ್ಲಿರುವ ಪ್ರೋಟೀನ್), ಸೋಯಾ, ಹಾಲಿನ ಅಂಶಗಳನ್ನು ಚುಚ್ಚಿದಾಗ ಎಲ್ಲರಲ್ಲೂ ಯಾವುದಾದರೂ ಒಂದಕ್ಕೆ ಊತ ಬಂತು. ಆರೋಗ್ಯವಂತರಾದ ಎಂಟು ಜನರಲ್ಲಿ ಇಬ್ಬರಿಗೆ ಮಾತ್ರ. ಪ್ರತಿಕ್ರಿಯೆ ಕರುಳಿಗಷ್ಟೇ ಸೀಮಿತವಾದ್ದರಿಂದ ಚರ್ಮದ ಅಥವಾ ರಕ್ತದ ಅಲರ್ಜಿ ಪರೀಕ್ಷೆಗೆ ಹಣ ಸುರಿಯಬೇಡಿ.

ಇನ್ನು ಔಷಧ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಇಂಥ ರೋಗಿಗಳಿಗೆ ಮೂರು ವಾರ ಸ್ಟೆರಾಯ್ಡ್ ಕೊಟ್ಟು ನೋಡಿದಾಗ ಕರುಳಿನ ಲಿಂಫೋಸೈಟ್ ಎಂಬ ರೋಗನಿರೋಧಕ ಕೋಶಗಳು ಕಡಿಮೆಯಾದವು, ಆದರೆ ಹೊಟ್ಟೆಯ ತೊಂದರೆ ಕಡಿಮೆಯಾಗಲಿಲ್ಲ. ಆದ್ದರಿಂದ ನಿರೋಧಕ ಶಕ್ತಿಯನ್ನು ಅಡಗಿಸುವ ಮದ್ದು ನಿಮಗೆ ಬೇಡ. ಹಿಸ್ಟಮಿನ್ ತಡೆಯುವ ಮಾತ್ರೆಗಳ ಪ್ರಯೋಗಗಳು ಆಶಾದಾಯಕವಾಗಿವೆ. ಆದರೂ ಔಷಧದಂಗಡಿಯಲ್ಲಿ ಕೇಳಿ ತಂದು ನುಂಗುವ ಮೊದಲು ವೈದ್ಯರೊಡನೆ ಮಾತನಾಡಿ. ಸೋಂಕಿನ ಬಳಿಕ ಕೆಲವರಿಗೆ ಹಾಲು ಅರಗದೇ ಹೋಗುವುದೂ ಉಂಟು, ಎರಡು ವಾರ ಬಿಟ್ಟು ನೋಡಬಹುದು. ಕಾಲ ಕಳೆದಂತೆ ಹಲವರಲ್ಲಿ ಈ ತೊಂದರೆ ತಗ್ಗುವುದೂ ಉಂಟು: ಕೆನಡಾದ ವಾಕರ್ಟನ್‌ನಲ್ಲಿ 2000ದಲ್ಲಿ ಕುಡಿಯುವ ನೀರು ಕಲುಷಿತವಾಗಿ ಕಾಯಿಲೆ ಬಿದ್ದವರನ್ನು ಗಮನಿಸುತ್ತ ಹೋದಾಗ, ಐಬಿಎಸ್ ಇದ್ದವರ ಪ್ರಮಾಣ ಎಂಟು ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿದಿತ್ತು. ಮಲದಲ್ಲಿ ರಕ್ತ, ತೂಕ ಇಳಿಯುವುದು, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇವುಗಳಲ್ಲಿ ಯಾವುದು ಕಂಡರೂ ಅದನ್ನು ಐಬಿಎಸ್ ಲೆಕ್ಕಕ್ಕೆ ಹಾಕದೆ ಮತ್ತೆ ತಪಾಸಣೆ ಮಾಡಿಸಿಕೊಳ್ಳಿ. ನಮ್ಮಲ್ಲಿ ಕರುಳಿನ ಕ್ಷಯವೂ ಇದೇ ರೀತಿ ಶುರುವಾಗಬಹುದು.