ಫ್ಲ್ಯಾಪ್ ಉಳಿಯಬೇಕೆಂದರೆ ಗುಟ್ಕಾ ಇಂದೇ ನಿಲ್ಲಲಿ

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಎಡಗೆನ್ನೆಯ ಒಳಗೆ ಕ್ಯಾನ್ಸರ್. ಎರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಗೆಡ್ಡೆ ತೆಗೆದ ಜಾಗಕ್ಕೆ ಎದೆಯಿಂದ ಸ್ನಾಯು ಸಮೇತ ಚರ್ಮವನ್ನು ತಿರುಗಿಸಿ ಹೊಲಿಯುತ್ತಾರಂತೆ, ಅದಕ್ಕೆ ‘ಫ್ಲ್ಯಾಪ್’ ಎನ್ನುತ್ತಾರಂತೆ. ಕೆಲವರಿಗೆ ಆ ಚರ್ಮ ಕಪ್ಪಾಗಿ ಸಾಯುತ್ತದೆ ಎಂದು ಕೇಳಿ ಭಯವಾಗಿದೆ. ಅದನ್ನು ಉಳಿಸಲು ಔಷಧವೇನಾದರೂ ಇದೆಯೇ? ತಂದೆ ಸಿಗರೇಟು ಸೇದುವುದಿಲ್ಲ, ಗುಟ್ಕಾ ಮಾತ್ರ ಜಗಿಯುತ್ತಾರೆ.
– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಕೊನೆಯ ವಾಕ್ಯದಿಂದಲೇ ಶುರುಮಾಡುತ್ತೇನೆ. ಹೊಗೆ ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡಿನ ಕಾಟ ತಪ್ಪುತ್ತದೆ, ಅಷ್ಟೇ. ತಂಬಾಕಿನ ನಿಕೋಟಿನ್ ಬಾಯಿಯ ಒಳಪದರದಿಂದಲೂ ರಕ್ತಕ್ಕೆ ಸೇರುತ್ತದೆ, ಚರ್ಮದ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಸಮಯವಿದ್ದಾಗ ನಾವು ನಾಲ್ಕು ವಾರ ಮೊದಲೇ ತಂಬಾಕು ಬಿಡಿಸುತ್ತೇವೆ. ಕ್ಯಾನ್ಸರ್ ಅಷ್ಟು ದಿನ ಕಾಯುವುದಿಲ್ಲ. ಹಾಗಾಗಿ ಇಂದೇ ನಿಲ್ಲಿಸಲಿ, ಶಸ್ತ್ರಚಿಕಿತ್ಸೆಯ ನಂತರವೂ ಮುಟ್ಟದಿರಲಿ. ವಾರ್ಡಿನಲ್ಲಿ ದಿಂಬಿನ ಕೆಳಗೆ ಪೊಟ್ಟಣ ಸಿಗುವುದು ನಮಗೆ ಹೊಸದೇನಲ್ಲ. ತಂಬಾಕು ಬಿಡಲು ಜಗಿಯುವ ನಿಕೋಟಿನ್ ಗಮ್ಮಿನಲ್ಲಿರುವುದೂ ಅದೇ ವಸ್ತು. ವೈದ್ಯರನ್ನು ಕೇಳದೆ ಕೊಡಬೇಡಿ.

ನೀವು ಮಂಡ್ಯದವರು, ನಾಲೆಯ ಕೊನೆಯ ಭಾಗದ ಗದ್ದೆಗಳ ಪಾಡು ಗೊತ್ತಿರುತ್ತದೆ. ಫ್ಲ್ಯಾಪಿನಲ್ಲೂ ರಕ್ತ ಸಾಲದೆ ಒಣಗುವುದು ತುದಿಯೇ. ಚರ್ಮದ ಕಸಿಗೆ ಸ್ವಂತ ರಕ್ತನಾಳದ ಸಂಪರ್ಕವಿರುವುದಿಲ್ಲ. ಫ್ಲ್ಯಾಪ್ ತನ್ನ ಅಪಧಮನಿ, ಅಭಿಧಮನಿಗಳನ್ನು ಜೊತೆಗೇ ತರುತ್ತದೆ. ಫ್ಲ್ಯಾಪಿನ ಉದ್ದ ಅಗಲಕ್ಕೆ ತಕ್ಕಂತೆ ಇರಬೇಕೆಂಬ ಲೆಕ್ಕ ಹಿಂದೆ ಇತ್ತು. ಅಗಲ ಹೆಚ್ಚಿಸಿದ ಮಾತ್ರಕ್ಕೆ ಉದ್ದನೆಯ ಫ್ಲ್ಯಾಪ್ ಬದುಕುವುದಿಲ್ಲ, ಅದರೊಳಗೆ ಯಾವ ರಕ್ತನಾಳ ಬಂದಿದೆ ಎನ್ನುವುದೇ ಮುಖ್ಯ ಎಂದು 1970ರಲ್ಲಿ ಶಸ್ತ್ರವೈದ್ಯ ಸ್ಟುವರ್ಟ್ ಮಿಲ್ಟನ್ ಹಂದಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ನಿಮ್ಮ ತಂದೆಗೆ ಮಾಡಲಿರುವ ಎದೆಸ್ನಾಯುವಿನ ಫ್ಲ್ಯಾಪ್ ಅನ್ನು ಶಸ್ತ್ರವೈದ್ಯ ಸ್ಟೀಫನ್ ಏರಿಯನ್ 1979ರಲ್ಲಿ ವಿವರಿಸಿದರು. ಅದರ ರಕ್ತನಾಳ ನಂಬಿಕಸ್ಥ. ಚರ್ಮದ ತುಂಡು ಸ್ನಾಯುವಿನ ಅಂಚು ದಾಟಿ ಕೆಳಕ್ಕೆ ಹೋದಷ್ಟೂ ಅಪಾಯ ಹೆಚ್ಚು.

ಇನ್ನು ಔಷಧ. ಪ್ರಯೋಗಗಳಲ್ಲಿ ಇಲಿಯ ಬೆನ್ನಿನ ಫ್ಲ್ಯಾಪ್ ಉಳಿಸಿದ ಔಷಧಗಳ ಪಟ್ಟಿ ಬಲು ದೊಡ್ಡದು. ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಬಂದವು ಬಹಳ ಕಡಿಮೆ. ಇಲಿಯ ಚರ್ಮ ಸಡಿಲ, ಅದರ ರಕ್ತಸಂಚಾರದ ರೀತಿಯೇ ಬೇರೆ. ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳ ಹಿಗ್ಗಿಸುವ ನೈಟ್ರೋಗ್ಲಿಸರಿನ್ ಮುಲಾಮು ಪ್ರಯೋಜನ ತೋರಿಸಿದ್ದುಂಟು. ಆದರೆ ಅದು ರಕ್ತದೊತ್ತಡ ಇಳಿಸಬಲ್ಲದು, ಮನೆಯವರು ತಂದು ಹಚ್ಚುವ ವಸ್ತುವಲ್ಲ. ಹೊಲಿಗೆ ಬಿಗಿಯಾಗದಂತೆ, ರಕ್ತನಾಳದ ಬುಡ ತಿರುಚಿಕೊಳ್ಳದಂತೆ, ಕೆಳಗೆ ರಕ್ತ ಹೆಪ್ಪುಗಟ್ಟದಂತೆ ಶಸ್ತ್ರವೈದ್ಯರು ವಹಿಸುವ ಎಚ್ಚರಕ್ಕೆ ಸಮನಾದ ಔಷಧ ನನಗಂತೂ ಕಂಡಿಲ್ಲ. ಸಕ್ಕರೆ ಕಾಯಿಲೆ, ರಕ್ತಹೀನತೆ ಇದ್ದರೆ ಈಗಲೇ ಹತೋಟಿಗೆ ತನ್ನಿ.

ಮನೆಯವರ ಕೆಲಸ ಆಮೇಲೆ ಬರುತ್ತದೆ. ಈ ಫ್ಲ್ಯಾಪಿನ ರಕ್ತನಾಳ ಕಾಲರ್ ಮೂಳೆಯ ಮೇಲೆ ಹಾದು, ಕುತ್ತಿಗೆಯ ಚರ್ಮದಡಿ ಗೆನ್ನೆಗೆ ಬರುತ್ತದೆ. ಆದ್ದರಿಂದ ಆ ಭಾಗದಲ್ಲಿ ಬಿಗಿಯಾದ ಬ್ಯಾಂಡೇಜ್, ಉಸಿರಾಟದ ಕೊಳವೆಗೆ ಕಟ್ಟುವ ದಾರ, ಬಟ್ಟೆಯ ಗಂಟು ಯಾವುದೂ ಒತ್ತಬಾರದು. ತಲೆ ಎತ್ತರದಲ್ಲಿರಲಿ, ಎಡಕ್ಕೆ ಹೊರಳಿ ಮಲಗುವುದು ಬೇಡ, ಮೈ ಬೆಚ್ಚಗಿರಲಿ. ಚರ್ಮ ಬಿಳಚಿ ತಣ್ಣಗಾದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿ ಊದಿಕೊಂಡರೆ ಬಂದದ್ದು ಹಿಂದಿರುಗುತ್ತಿಲ್ಲ. ಯಾವುದೇ ಆಗಲಿ, ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆಗಲೇ ಸಿಸ್ಟರನ್ನು ಎಬ್ಬಿಸಿ. ತುದಿ ಸ್ವಲ್ಪ ಕಪ್ಪಾದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. ಕೆಳಗಿನ ಸ್ನಾಯು ಬದುಕಿದ್ದರೆ ಎಷ್ಟೋ ಸಲ ಡ್ರೆಸ್ಸಿಂಗಿನಲ್ಲೇ ಮಾಯುತ್ತದೆ.

ಪ್ರಶ್ನೆ: ನಾನು ನರ್ಸಿಂಗ್ ವಿದ್ಯಾರ್ಥಿನಿ. ಫ್ಲ್ಯಾಪ್ ಉಳಿಸಲು ಜಿಗಣೆ ಬಿಡುತ್ತಾರೆಂದು ತರಗತಿಯಲ್ಲಿ ಹೇಳಿದರು. ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನಿಜ. ನಿಮ್ಮ ಕಡೆ ಮಳೆಗಾಲದಲ್ಲಿ ಕಾಲಿಗೆ ಹತ್ತುವ ಉಂಬಳವಲ್ಲ, ಇದಕ್ಕೆಂದೇ ಸಾಕಿದ ನೀರಿನ ಜಿಗಣೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯೂ 2004ರಲ್ಲಿ ಇದಕ್ಕೆ ಅನುಮತಿ ನೀಡಿತು. ಜಿಗಣೆಯ ಜೊಲ್ಲಿನಲ್ಲಿರುವ ಹಿರುಡಿನ್ ಎಂಬ ವಸ್ತು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಜಿಗಣೆ ಉದುರಿದ ಮೇಲೂ ಗಂಟೆಗಟ್ಟಲೆ ರಕ್ತ ಜಿನುಗುತ್ತದೆ. ರಕ್ತ ಹಿಂದಿರುಗದೆ ನೀಲಿಗಟ್ಟಿದ ಫ್ಲ್ಯಾಪಿಗೆ ಮಾತ್ರ ಇದು ಉಪಯುಕ್ತ, ಬಿಳಚಿದ್ದಕ್ಕೆ ಅಲ್ಲ. ಅದಕ್ಕೂ ಮೊದಲು, ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದಾದ ಅಡಚಣೆ ಇದೆಯೇ ಎಂದು ನೋಡಬೇಕು. ಜಿಗಣೆಯ ಕರುಳಿನಲ್ಲಿ ಏರೋಮೊನಾಸ್ ಬ್ಯಾಕ್ಟೀರಿಯಾ ಇರುವುದರಿಂದ ಆ್ಯಂಟಿಬಯೋಟಿಕ್ ಬೇಕು, ಹಿಮೋಗ್ಲೋಬಿನ್ ಆಗಾಗ ಪರೀಕ್ಷಿಸಬೇಕು. ಬಿಟ್ಟ ಜಿಗಣೆಗಳನ್ನು ಎಣಿಸಿಡಿ. ಅವು ಹಾಸಿಗೆಯಲ್ಲಿ ಕಾಣೆಯಾಗುವುದರಲ್ಲಿ ನಿಸ್ಸೀಮ.